ಮೋಡೆಮ್ ಕೂಗಿತು, ನೆಟ್ ಬರಲಿಲ್ಲ: ಲಿನಕ್ಸ್ ಡಯಲ್-ಅಪ್‌ನಲ್ಲಿ ದೋಷ ಹುಡುಕುವ ಬಗೆ

2003ರ ಆಟಿ ತಿಂಗಳು. ಕಾಸರಗೋಡಿನ ಪೆರ್ಲದಿಂದ ಒಳಗೆ, ಗುಡ್ಡೆಯ ಬುಡದಲ್ಲಿ ಒಂದು ಅಡಿಕೆ ತೋಟದ ಮನೆ. ಲಿನಕ್ಸ್ ಹಾಕಿದ ಕಂಪ್ಯೂಟರ್, ಹೊರಗೆ ಇಡುವ ಸೀರಿಯಲ್ ಮೋಡೆಮ್, ಅಂದರೆ ಟೆಲಿಫೋನ್ ಲೈನಿನಲ್ಲಿ ಡಯಲ್ ಮಾಡಿ ಕಂಪ್ಯೂಟರನ್ನು ಇಂಟರ್‌ನೆಟ್ಟಿಗೆ ಸೇರಿಸುವ ಪೆಟ್ಟಿಗೆ. ಬೇಸಿಗೆಯಲ್ಲಿ ನಾನೇ ಜೋಡಿಸಿ ಕೊಟ್ಟದ್ದು, ಚೆನ್ನಾಗಿಯೇ ನಡೆಯುತ್ತಿತ್ತು. ಮಳೆ ಹಿಡಿದ ಮೇಲೆ ಸಂಪರ್ಕ ಸಿಕ್ಕಿದರೂ ಐದು ನಿಮಿಷದಲ್ಲಿ ಕಡಿಯುತ್ತಿತ್ತು. ಕೆಲವೊಮ್ಮೆ ಸಿಗುತ್ತಲೇ ಇರಲಿಲ್ಲ. ನಾನು ಎರಡು ದಿನ ಪಿಪಿಪಿಡಿಯ (ಲಿನಕ್ಸಿನಲ್ಲಿ ಈ ಸಂಪರ್ಕ ನಡೆಸುವ ಕಾರ್ಯಕ್ರಮದ) ಆಯ್ಕೆಗಳನ್ನು ತಿದ್ದುತ್ತಾ ಕುಳಿತೆ. ಎಂಟಿಯು (ಒಂದು ಸಲಕ್ಕೆ ಕಳಿಸುವ ತುಂಡಿನ ಗಾತ್ರ) ಇಳಿಸಿದೆ, ಹೆಡರ್ ಸಂಕೋಚನ ನಿಲ್ಲಿಸಿದೆ, ಮೋಡೆಮ್‌ಗೆ ಡಯಲ್ ಮಾಡಲು ಹೇಳುವ ಚಾಟ್ ಸ್ಕ್ರಿಪ್ಟನ್ನು ಮೂರು ಬಗೆಯಲ್ಲಿ ಬರೆದೆ. ಎರಡನೆಯ ದಿನ ಮಧ್ಯಾಹ್ನ ಮನೆಯ ಯಜಮಾನರು ಚಹಾ ತಂದಿಟ್ಟು, "ಭಾವ, ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡಿದಿರಾ?" ಎಂದು ಕೇಳಿದರು.

ಅವರ ಮನೆಗೆ ನೀರು ಬರುವುದು ಗುಡ್ಡೆಗೆ ಕೊರೆದ ಸುರಂಗದಿಂದ, ಅಡಿಕೆ ಮರದ ದಂಬೆಗಳ ಮೇಲೆ ಹರಿದು. ನೀರು ನಿಂತ ದಿನ ಅವರು ಅಡುಗೆಮನೆಯ ನಲ್ಲಿಯನ್ನು ಬಿಚ್ಚಿ ಕೂರುವುದಿಲ್ಲ. ಸುರಂಗದ ಬಾಯಿಗೆ ಹೋಗಿ ಅಲ್ಲಿಂದ ಒಂದೊಂದೇ ದಂಬೆ ನೋಡುತ್ತಾ ಇಳಿಯುತ್ತಾರೆ. ನಾನು ಮಾಡುತ್ತಿದ್ದುದು ನಲ್ಲಿ ಬಿಚ್ಚುವ ಕೆಲಸವೇ. ದೋಷವಿದ್ದದ್ದು ಕೊಟ್ಟಿಗೆಯ ಗೋಡೆಗೆ ಹೊಡೆದಿದ್ದ ಟೆಲಿಫೋನಿನ ರೋಸೆಟ್ ಡಬ್ಬಿಯಲ್ಲಿ. ಅದರ ಕಥೆ ಮುಂದೆ ಬರುತ್ತದೆ.

ಡಯಲ್-ಅಪ್ ಕೆಲಸ ಮಾಡುವುದು ಮೆಟ್ಟಿಲು ಮೆಟ್ಟಿಲಾಗಿ. ಪೋರ್ಟ್ ತೆರೆಯಬೇಕು, ಮೋಡೆಮ್ ಉತ್ತರಿಸಬೇಕು, ಲೈನಿನಲ್ಲಿ ಸ್ವರ ಸಿಗಬೇಕು, ಆ ಕಡೆಯ ಮೋಡೆಮ್ ಎತ್ತಿಕೊಳ್ಳಬೇಕು, ಪಿಪಿಪಿ (ಎರಡು ಕಡೆಯ ಕಂಪ್ಯೂಟರುಗಳು ಲೈನಿನ ಮೇಲೆ ಮಾತಾಡುವ ನಿಯಮ) ಮಾತುಕತೆ ಮುಗಿಯಬೇಕು, ಗುಟ್ಟುಪದ ಒಪ್ಪಿಗೆಯಾಗಬೇಕು, ದಾರಿ (ರೂಟ್) ಹಾಕಬೇಕು, ತಾಣದ ಹೆಸರನ್ನು ಸಂಖ್ಯೆಯ ವಿಳಾಸವಾಗಿ ಬಿಡಿಸಬೇಕು. ಎಲ್ಲಿ ನಿಂತಿದೆ ಎಂದು ತಿಳಿಯುವ ಮೊದಲು ಯಾವ ಫೈಲನ್ನೂ ತಿದ್ದಬೇಡಿ. ಮುಂದಿನ ಮೆಟ್ಟಿಲಿನ ಫೈಲನ್ನಂತೂ ಮುಟ್ಟಲೇಬೇಡಿ. ಮುಟ್ಟಿದರೆ ನಾಳೆ ನಿಮಗೆ ಎರಡು ದೋಷಗಳಿರುತ್ತವೆ, ಒಂದು ಮೊದಲೇ ಇದ್ದದ್ದು, ಇನ್ನೊಂದು ನೀವು ಮಾಡಿದ್ದು.

(ಆಜ್ಞೆಗಳನ್ನೂ ಫೈಲುಗಳ ಹೆಸರುಗಳನ್ನೂ ಉಚ್ಚಾರದಂತೆ ಬರೆದಿದ್ದೇನೆ. ಕೀಲಿಮಣೆಯಲ್ಲಿ ಒತ್ತುವುದು ಇಂಗ್ಲಿಷ್ ಅಕ್ಷರಗಳನ್ನೇ.)

ಎಲ್ಲಿ ನಿಂತಿತು ಎಂದು ಪಿಪಿಪಿಡಿಯೇ ಹೇಳುತ್ತದೆ, ಕೇಳುವವರು ಕಡಿಮೆ. ಅದು ಮುಗಿಯುವಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. 7 ಎಂದರೆ ಪೋರ್ಟೇ ತೆರೆಯಲಿಲ್ಲ. 8 ಎಂದರೆ ಡಯಲ್ ಮಾಡುವ ಸ್ಕ್ರಿಪ್ಟ್ ಸೋತಿತು, ಅಂದರೆ ದೋಷ ಮೋಡೆಮ್, ಲೈನ್ ಅಥವಾ ಚಾಟ್ ಫೈಲಿನಲ್ಲಿದೆ, ಪಿಪಿಪಿ ಇನ್ನೂ ಶುರುವಾಗಿಯೇ ಇಲ್ಲ. 10 ಎಂದರೆ ಪಿಪಿಪಿ ಮಾತುಕತೆ ಮುರಿದುಬಿತ್ತು. 15 ಎಂದರೆ ಆ ಕಡೆಯಿಂದ ಪ್ರತಿಧ್ವನಿ ನಿಂತಿತು, 16 ಎಂದರೆ ಮೋಡೆಮ್ ಫೋನ್ ಇಟ್ಟಿತು, 17 ಎಂದರೆ ನಾವು ಕಳಿಸಿದ್ದೇ ನಮಗೆ ಮರಳಿ ಬಂತು, 19 ಎಂದರೆ ಗುಟ್ಟುಪದ ಒಪ್ಪಿಗೆಯಾಗಲಿಲ್ಲ. ಇದರ ಜೊತೆಗೆ ಆಯ್ಕೆಗಳಲ್ಲಿ 'ಡೀಬಗ್' ಮತ್ತು 'ನೋಡಿಟ್ಯಾಚ್' ಸೇರಿಸಿ, ಚಾಟ್‌ಗೆ '-ವಿ' ಕೊಟ್ಟರೆ ನಡೆದದ್ದೆಲ್ಲ ಲಾಗಿನಲ್ಲಿ ಸಾಲುಸಾಲಾಗಿ ಕಾಣುತ್ತದೆ. ನನ್ನ ಆ ಎರಡು ದಿನಗಳಲ್ಲಿ ಸಂಖ್ಯೆ ಪ್ರತಿ ಸಲವೂ 16 ಅಥವಾ 8 ಆಗಿತ್ತು. ನಾನು ನೋಡಿಯೇ ಇರಲಿಲ್ಲ.

ಪೋರ್ಟ್ ಮತ್ತು ಮೋಡೆಮ್

ಮಿನಿಕಾಮ್ (ಮೋಡೆಮ್ ಜೊತೆ ನೇರ ಮಾತಾಡುವ ಕಾರ್ಯಕ್ರಮ) ತೆರೆದು ಪೋರ್ಟನ್ನು ಆರಿಸಿ, 'ಎಟಿ' ಎಂದು ಒತ್ತಿ ಎಂಟರ್ ಕೊಡಿ. 'ಓಕೆ' ಬಂದರೆ ಈ ಮೆಟ್ಟಿಲು ದಾಟಿದಂತೆ. ಡಾಸ್, ವಿಂಡೋಸಿನ ಕಾಮ್1 ಲಿನಕ್ಸಿನಲ್ಲಿ ಟಿಟಿವೈಎಸ್0, ಕಾಮ್2 ಟಿಟಿವೈಎಸ್1. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ಹಾಕಿದ್ದರೆ ಟಿಟಿವೈಯುಎಸ್‌ಬಿ0. ತಾನೇ ಯುಎಸ್‌ಬಿ ಆಗಿರುವ ಮೋಡೆಮ್ ಸಾಮಾನ್ಯವಾಗಿ ಟಿಟಿವೈಎಸಿಎಂ0.

ಏನೂ ಬರದಿದ್ದರೆ ಮೊದಲು ಅನುಮತಿ ನೋಡಿ. ಡೆಬಿಯನ್ ಎಂಬ ಲಿನಕ್ಸ್ ಮತ್ತು ಅದರ ಬಳಗದಲ್ಲಿ ಬಳಕೆದಾರರು 'ಡಯಲ್‌ಔಟ್' ಗುಂಪಿನಲ್ಲಿರಬೇಕು, ಸೇರಿಸಿದ ಮೇಲೆ ಒಮ್ಮೆ ಹೊರಗೆ ಹೋಗಿ ಮತ್ತೆ ಲಾಗಿನ್ ಆಗಬೇಕು. ಈಗಿನ ಯಂತ್ರಗಳಲ್ಲಿ ಇನ್ನೊಬ್ಬ ಕಳ್ಳನಿದ್ದಾನೆ: ಮೋಡೆಮ್‌ಮ್ಯಾನೇಜರ್ ಎಂಬ ಸೇವೆ ಹೊಸ ಸೀರಿಯಲ್ ಪೋರ್ಟ್ ಕಂಡ ಕೂಡಲೇ ಅದನ್ನು ಹಿಡಿದು ತಾನೇ ಎಟಿ ಆಜ್ಞೆ ಕಳಿಸಿ ಪರೀಕ್ಷೆ ಮಾಡುವುದುಂಟು. ಅದನ್ನು ನಿಲ್ಲಿಸಿ ಮತ್ತೆ ನೋಡಿ.

ಉತ್ತರ ಬರುತ್ತದೆ, ಆದರೆ ಒಂದೊಂದು ಅಕ್ಷರಕ್ಕೆ ಹತ್ತಿಪ್ಪತ್ತು ಸೆಕೆಂಡು ಹಿಡಿಯುತ್ತದೆ ಎಂದಾದರೆ ಇಂಟರಪ್ಟ್ (ಸಾಧನ ಪ್ರೊಸೆಸರನ್ನು ಕರೆಯುವ ಸಂಕೇತ) ಸಂಖ್ಯೆ ತಪ್ಪಿದೆ. ಹಳೆಯ ಐಎಸ್‌ಎ ಕಾರ್ಡ್ ಮೋಡೆಮ್‌ಗಳು ಕಾಮ್3ರಲ್ಲಿ ಕುಳಿತು ಕಾಮ್1ರ ಜೊತೆ 4ನೆಯ ಇಂಟರಪ್ಟಿಗೆ ಜಗಳವಾಡುತ್ತಿದ್ದವು. ಸೆಟ್‌ಸೀರಿಯಲ್ ಆಜ್ಞೆಯಲ್ಲಿ ಸರಿಯಾದ ಸಂಖ್ಯೆ ಕೊಟ್ಟರೆ ತಕ್ಷಣ ಚುರುಕಾಗುತ್ತದೆ.

ಯಂತ್ರದೊಳಗೆ ಕೂರುವ ಪಿಸಿಐ ಕಾರ್ಡ್ ಆಗಿದ್ದು ಯಾವ ಪೋರ್ಟಿನಲ್ಲೂ ಉತ್ತರವಿಲ್ಲದಿದ್ದರೆ ಅದು ಬಹುಪಾಲು ವಿನ್‌ಮೋಡೆಮ್. ಮೋಡೆಮ್ ಮಾಡಬೇಕಾದ ಲೆಕ್ಕವನ್ನೆಲ್ಲ ಕಂಪ್ಯೂಟರಿನ ತಲೆಗೆ ಕಟ್ಟಿ ಬೆಲೆ ಇಳಿಸಿದ ಸರಕು ಅದು. ಆ ಲೆಕ್ಕದ ಡ್ರೈವರ್ ವಿಂಡೋಸ್‌ಗೆ ಮಾತ್ರ ಕೊಡುತ್ತಿದ್ದರು. ಕೆಲವಕ್ಕೆ ಲಿನಕ್ಸ್ ಡ್ರೈವರ್ ಬಂದದ್ದುಂಟು. ನನ್ನ ಮಾತು ಕೇಳುವುದಾದರೆ ಅದರ ಹಿಂದೆ ಬೀಳಬೇಡಿ. ಒಂದು ಸೀರಿಯಲ್ ಮೋಡೆಮ್ ಹುಡುಕಿ ತನ್ನಿ. ಅದರ ಮುಖದಲ್ಲಿ ದೀಪಗಳಿರುತ್ತವೆ, ದೋಷ ಹುಡುಕುವವನಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಲೈನು

ನಮ್ಮ ಕಡೆಯ ದೋಷಗಳಲ್ಲಿ ಹೆಚ್ಚಿನವು ಇಲ್ಲಿವೆ. ಎಕ್ಸ್‌ಚೇಂಜಿನಿಂದ ಬರುವ ತಂತಿ ಮುರಕಲ್ಲಿನ ಗುಡ್ಡೆ ಹತ್ತಿ, ತೋಟ ಇಳಿದು, ಕೆಲವು ಕಡೆ ಅಡಿಕೆ ಮರಕ್ಕೇ ಕಟ್ಟಿಸಿಕೊಂಡು ಮನೆ ಸೇರುತ್ತದೆ. ಜೂನ್‌ನಿಂದ ನಾಲ್ಕು ತಿಂಗಳು ನೆನೆಯುತ್ತದೆ. ಮಾತಿಗೆ ಸಾಕಾಗುವ ಲೈನ್ ಮೋಡೆಮ್‌ಗೆ ಸಾಕಾಗುವುದಿಲ್ಲ, ಏಕೆಂದರೆ ಕರಕರ ಶಬ್ದದ ನಡುವೆಯೂ ಮನುಷ್ಯ ಮಾತು ಹೆಕ್ಕಿಕೊಳ್ಳುತ್ತಾನೆ.

'ನೋ ಡಯಲ್‌ಟೋನ್' ಎಂದು ಬಂದರೆ ಫೋನ್ ಎತ್ತಿ ಕೇಳಿ. ಸ್ವರ ಇದೆಯೇ? ಇದ್ದರೂ ಮೋಡೆಮ್ ಇಲ್ಲ ಎನ್ನುತ್ತಿದ್ದರೆ ಕಾರಣ ಎರಡು ಇರಬಹುದು. ಒಂದು ನಿರುಪದ್ರವಿ: ನಮ್ಮ ದೇಶದ ಡಯಲ್ ಟೋನ್ 400 ಹರ್ಟ್ಸ್‌ನ ಸ್ವರ, 25 ಹರ್ಟ್ಸ್‌ನಲ್ಲಿ ಏರಿಳಿಯುವಂಥದ್ದು. ಅಮೆರಿಕದಲ್ಲಿ 350 ಮತ್ತು 440 ಹರ್ಟ್ಸ್ ಎರಡು ಸ್ವರಗಳು ಕೂಡಿರುತ್ತವೆ. ಅಲ್ಲಿಗೆಂದು ಮಾಡಿದ ಮೋಡೆಮ್ ನಮ್ಮದನ್ನು ಗುರುತು ಹಿಡಿಯದೆ ಸುಮ್ಮನಾಗುತ್ತದೆ. ಆರಂಭದ ಆಜ್ಞೆಗೆ 'ಎಕ್ಸ್3' ಸೇರಿಸಿ. ಸ್ವರಕ್ಕಾಗಿ ಕಾಯದೆ ಡಯಲ್ ಮಾಡುತ್ತದೆ, ಆ ಕಡೆ ಬಿಝಿ ಇದ್ದರೆ ಮಾತ್ರ ಹೇಳುತ್ತದೆ. ಹಳೆಯ ಎಕ್ಸ್‌ಚೇಂಜುಗಳು ಟೋನ್ ಡಯಲಿಂಗ್ ಒಪ್ಪದಿದ್ದರೆ ಡಯಲ್ ಆಜ್ಞೆ 'ಎಟಿಡಿಟಿ' ಬದಲು ಪಲ್ಸ್ ಡಯಲಿಂಗಿನ 'ಎಟಿಡಿಪಿ'.

ಎರಡನೆಯ ಕಾರಣ ಸಿಡಿಲು. ಎಪ್ರಿಲ್-ಮೇ ತಿಂಗಳ ಗುಡುಗು, ಮತ್ತೆ ತುಲಾ ಮಾಸದ ಸಂಜೆಯ ಗುಡುಗು, ಇವೆರಡರ ಮರುದಿನ ನನಗೆ ಕರೆ ಬರುವುದು ಖಚಿತವಿತ್ತು. ಸಿಡಿಲು ಲೈನಿನ ಮೂಲಕ ಬಂದಾಗ ಸುಡುವುದು ಮೋಡೆಮ್‌ನ ಲೈನ್ ಕಡೆಯ ಭಾಗ, ಅಂದರೆ ರಿಲೇ ಮತ್ತು ಪುಟ್ಟ ಟ್ರಾನ್ಸ್‌ಫಾರ್ಮರ್. ಕಂಪ್ಯೂಟರ್ ಕಡೆಯ ಭಾಗ ಹಲವು ಸಲ ಬದುಕಿ ಉಳಿಯುತ್ತದೆ. ಆದ್ದರಿಂದ 'ಎಟಿ'ಗೆ 'ಓಕೆ' ಬರುತ್ತದೆ, ದೀಪ ಉರಿಯುತ್ತದೆ, ಮೋಡೆಮ್ ಸತ್ತಿದೆ ಎಂದು ಯಾರೂ ನಂಬುವುದಿಲ್ಲ. ಮೋಡೆಮ್‌ನ ಬೆನ್ನಿಗಿರುವ 'ಫೋನ್' ಕಿಂಡಿಗೆ ಟೆಲಿಫೋನ್ ಸಿಕ್ಕಿಸಿದರೆ ಅಲ್ಲೂ ಡಯಲ್ ಟೋನ್ ಕೇಳುತ್ತದೆ. ಅದರಿಂದ ಏನೂ ಸಾಬೀತಾಗುವುದಿಲ್ಲ, ಆ ಎರಡು ಕಿಂಡಿಗಳ ನಡುವೆ ಇರುವುದು ಬರಿಯ ತಂತಿ. ನಿಜವಾದ ಪರೀಕ್ಷೆ ಹೀಗೆ: 'ಎಕ್ಸ್3' ಹಾಕಿ 'ಎಟಿಡಿಟಿ' ಬಳಿಕ ನಿಮ್ಮ ಮೊಬೈಲ್ ಸಂಖ್ಯೆ ಕೊಡಿ. ರಿಲೇಯ 'ಟಿಕ್' ಕೇಳಿ ಮೊಬೈಲ್ ರಿಂಗಾದರೆ ಮೋಡೆಮ್ ಜೀವಂತ. ಟಿಕ್ ಇಲ್ಲ, ರಿಂಗ್ ಇಲ್ಲ ಎಂದಾದರೆ ಹೊಸದು ತರಬೇಕು, ಚಾಟ್ ಫೈಲ್ ತಿದ್ದಿ ಫಲವಿಲ್ಲ. ಮೋಡ ಕಟ್ಟುವಾಗಲೇ ಲೈನ್ ಪಿನ್ ಎಳೆದಿಡುವುದನ್ನು ಮನೆಯ ಮಕ್ಕಳಿಗೆ ಕಲಿಸಿಡಿ. ಅಂಗಳದ ಅಡಿಕೆ ಒಳಗೆ ತರುವ ಹೊತ್ತಿಗೇ ಅದೂ ಆಗಬೇಕು.

ಈಗ 'ಕನೆಕ್ಟ್' ಎಂದ ಮೇಲೆ ಬರುವ ಸಂಖ್ಯೆಯ ವಿಷಯ. ಅದು 115200 ಎಂದಿದ್ದರೆ ಸಂತೋಷಪಡಬೇಡಿ, ಅದು ಕಂಪ್ಯೂಟರಿಗೂ ಮೋಡೆಮ್‌ಗೂ ನಡುವಿನ ವೇಗ. 'ಎಟಿಡಬ್ಲ್ಯು2' ಕೊಟ್ಟರೆ ಹೆಚ್ಚಿನ ಮೋಡೆಮ್‌ಗಳು ಲೈನಿನ ನಿಜವಾದ ವೇಗ ಹೇಳುತ್ತವೆ. ಆ ಸಂಖ್ಯೆಯನ್ನು ಓದಲು ಬರಬೇಕು. ವಿ.90 (56ಕೆ ಮೋಡೆಮ್‌ಗಳ ಮಾನದಂಡ) ಸಂಪರ್ಕದ ವೇಗಗಳು ಸೆಕೆಂಡಿಗೆ 1333 ಬಿಟ್‌ಗಳ ಮೆಟ್ಟಿಲುಗಳಲ್ಲಿ ಏರುತ್ತವೆ: 44000, 45333, 46666, 48000, 49333. ಹಳೆಯ ವಿ.34 ಸಂಪರ್ಕದ ಮೆಟ್ಟಿಲು 2400: 21600, 24000, 26400, 28800, 31200, 33600. ನಿಮಗೆ 45333 ಬಂದರೆ ಎಕ್ಸ್‌ಚೇಂಜಿನಿಂದ ಆಚೆ ಪೂರ್ತಿ ಡಿಜಿಟಲ್, ತಾಮ್ರದ ತಂತಿಯೂ ಚೆನ್ನಾಗಿದೆ ಎಂದರ್ಥ. ಯಾವಾಗಲೂ 31200 ಅಥವಾ 28800 ಮಾತ್ರ ಎಂದಾದರೆ ದಾರಿಯಲ್ಲಿ ಎಲ್ಲೋ ಇನ್ನೊಮ್ಮೆ ಅನಲಾಗ್-ಡಿಜಿಟಲ್ ಬದಲಾವಣೆ ಆಗುತ್ತಿದೆ, ವಿ.90 ಅಂಥ ಒಂದೇ ಒಂದು ಬದಲಾವಣೆಯನ್ನು ಸಹಿಸುತ್ತದೆ. ಅದು ದೋಷವಲ್ಲ, ನಿಮ್ಮ ಲೈನಿನ ಹಣೆಬರಹ. ಆದರೆ ನಿನ್ನೆ 45333 ಇದ್ದದ್ದು ಇವತ್ತು 21600ಕ್ಕೆ ಇಳಿದಿದ್ದರೆ ಅದು ಖಂಡಿತ ದೋಷ.

ಪೆರ್ಲದ ಆ ಮನೆಯಲ್ಲಿ ಆದದ್ದು ಅದೇ. ಯಜಮಾನರ ಮಗಳು ಪಂಚಾಂಗದ ಪಕ್ಕದಲ್ಲೇ ಒಂದು ಪುಸ್ತಕ ಇಟ್ಟು, ಬಿಲ್ಲಿನ ಲೆಕ್ಕಕ್ಕೆಂದು ಪ್ರತಿ ಸಂಪರ್ಕದ ಹೊತ್ತು ಬರೆಯುತ್ತಿದ್ದಳು. ಪರದೆಯಲ್ಲಿ ಕಂಡ ಸಂಖ್ಯೆಯನ್ನೂ ಬರೆದಿಟ್ಟಿದ್ದಳು. ಮೇ ತಿಂಗಳಲ್ಲಿ 45333, 46666. ಜೂನ್ ಎರಡನೆಯ ವಾರದಿಂದ 26400, 24000, 21600. ನನ್ನ ಎರಡು ದಿನಗಳ ಕೆಲಸಕ್ಕೆ ಉತ್ತರ ಆ ಪುಸ್ತಕದಲ್ಲಿತ್ತು.

ಮಲ್ಟಿಮೀಟರ್ ತೆಗೆದೆ. ಫೋನ್ ಇಟ್ಟಿರುವಾಗ ಲೈನಿನಲ್ಲಿ ಸುಮಾರು 48 ವೋಲ್ಟ್ ಡಿಸಿ ಇರಬೇಕು. ಇದ್ದದ್ದು 39. ಎಲ್ಲೋ ಸೋರುತ್ತಿದೆ. ಫೋನ್ ಎತ್ತಿ ಒಂದೇ ಒಂದು ಅಂಕೆ ಒತ್ತಿದೆ. ಡಯಲ್ ಟೋನ್ ನಿಂತು ಕೆಲವು ಸೆಕೆಂಡು ಲೈನ್ ನಿಶ್ಶಬ್ದವಾಗುತ್ತದೆ, ಆ ಹೊತ್ತಿನಲ್ಲಿ ಕಿವಿಗೊಟ್ಟು ಕೇಳಬೇಕು. ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಪಟ. ಆಮೇಲೆ ಮನೆಗೆ ತಂತಿ ಬರುವ ಜಾಗದಲ್ಲೇ ಒಳಗಿನ ಎಲ್ಲ ಕವಲುಗಳನ್ನು ಬಿಚ್ಚಿ, ಮೋಡೆಮನ್ನು ನೇರ ಅಲ್ಲಿಗೆ ಸಿಕ್ಕಿಸಿದೆ. 46666. ಅಂದರೆ ಹೊರಗಿನ ತಂತಿ ಸರಿ, ಲೈನ್‌ಮನ್ ಅವರನ್ನು ಸುಮ್ಮನೆ ಬೈದದ್ದಾಯಿತು. ಕವಲುಗಳನ್ನು ಒಂದೊಂದಾಗಿ ಜೋಡಿಸುತ್ತಾ ಬಂದೆ. ಚಾವಡಿಯದು ಸರಿ, ಮಾಳಿಗೆಯದು ಸರಿ, ಕೊಟ್ಟಿಗೆಯದು ಜೋಡಿಸಿದ ಕೂಡಲೇ 24000.

ಕೊಟ್ಟಿಗೆಯಲ್ಲಿ ಫೋನ್ ಏಕೆ ಎಂದು ಕೇಳಬೇಡಿ. ಒಂದು ಕಾಲದಲ್ಲಿ ಹಾಲು ಕರೆಯುವಾಗ ಮುಂಬಯಿಯ ಮಗನ ಕರೆ ತಪ್ಪಬಾರದೆಂದು ಹಾಕಿಸಿದ್ದಂತೆ. ಫೋನ್ ಹೋಗಿ ವರ್ಷಗಳಾಗಿದ್ದವು, ಡಬ್ಬಿ ಮಾತ್ರ ಉಳಿದಿತ್ತು. ಮುಚ್ಚಳ ಬಿಚ್ಚಿದರೆ ಒಳಗೆ ಅಂಗೈಯಷ್ಟು ಇರುವೆ ಗೂಡು, ಒದ್ದೆ ಮಣ್ಣು. ಎರಡು ಸ್ಕ್ರೂಗಳ ನಡುವೆ ಹಸಿರು ಕಿಲುಬು ಒಂದು ಸೇತುವೆಯನ್ನೇ ಕಟ್ಟಿತ್ತು. ಬೇಸಿಗೆಯಲ್ಲಿ ಒಣಗಿ ಸುಮ್ಮನಿದ್ದದ್ದು ಮಳೆಗೆ ನೆನೆದು ಕರೆಂಟ್ ಸೋರಲು ದಾರಿಯಾಗಿತ್ತು. ಆ ಕವಲನ್ನು ಕತ್ತರಿಸಿ ಹಾಕಿದೆ. ಇಷ್ಟೇ ರಿಪೇರಿ.

ಕವಲುಗಳಿಂದ ಇನ್ನೊಂದು ತೊಂದರೆಯೂ ಇದೆ: ಮಾಳಿಗೆಯಲ್ಲಿ ಯಾರೋ ಫೋನ್ ಎತ್ತಿದರೆ ಸಂಪರ್ಕ ಕಡಿಯುತ್ತದೆ. ಕಾಲ್ ವೇಟಿಂಗ್ ಇದ್ದರೆ ಅದರ 'ಬೀಪ್'ಗೂ ಕಡಿಯುತ್ತದೆ. ಆ ಸೌಲಭ್ಯವನ್ನು ನಿಲ್ಲಿಸಿ; ಆಗದಿದ್ದರೆ 'ಎಸ್10=50' ಕೊಡಿ, ಕ್ಯಾರಿಯರ್ (ಆ ಕಡೆಯ ಮೋಡೆಮ್‌ನ ಸ್ವರ) ಐದು ಸೆಕೆಂಡು ಕಾಣದಿದ್ದರೂ ಮೋಡೆಮ್ ತಾಳಿಕೊಳ್ಳುತ್ತದೆ. ಸೆಕೆಂಡಿನ ಹತ್ತನೆಯ ಒಂದು ಭಾಗ ಅದರ ಅಳತೆ.

ಈಗ ಹಳೆಯ ಮೋಡೆಮ್ ಎಬ್ಬಿಸಲು ಹೊರಟವರು ಇನ್ನೊಂದು ಗಮನಿಸಿ. ನಿಮ್ಮ ಲ್ಯಾಂಡ್‌ಲೈನ್ ಫೈಬರ್ ಪೆಟ್ಟಿಗೆಯ ಬೆನ್ನಿನಿಂದ ಬರುತ್ತಿದ್ದರೆ ಅದು ತಾಮ್ರವಲ್ಲ, ಧ್ವನಿಯನ್ನು ತುಂಡುಗಳಾಗಿ ಕಳಿಸುವ ವ್ಯವಸ್ಥೆ. ಜಿ.711 ಕೋಡೆಕ್ (ಧ್ವನಿಯನ್ನು ಅಂಕೆಗಳಾಗಿ ಬದಲಿಸುವ ಬಗೆ) ಇದ್ದರೆ ಸ್ವಲ್ಪ ಆಸೆ, ಧ್ವನಿಯನ್ನು ಹೆಚ್ಚು ಹಿಂಡುವ ಜಿ.729 ಇದ್ದರೆ ಮೋಡೆಮ್ ಶಬ್ದ ಆ ಕಡೆ ತಲುಪುವ ಹೊತ್ತಿಗೆ ಹಿಟ್ಟಾಗಿರುತ್ತದೆ.

ಎತ್ತಿಕೊಂಡರು, ಆದರೆ ಮಾತಿಲ್ಲ

'ಕನೆಕ್ಟ್' ಬಂತು, ಮುಕ್ಕಾಲು ನಿಮಿಷ ಮೌನ, ಆಮೇಲೆ ಸ್ಕ್ರಿಪ್ಟ್ ಸೋತಿತು. ಸಂಖ್ಯೆ 8. ಇದು ಚಾಟ್ ಫೈಲಿನ ದೋಷ. ನಾವು ಬೇರೆ ಹೇಳದಿದ್ದರೆ ಚಾಟ್ ಪ್ರತಿ ಪದಕ್ಕೆ 45 ಸೆಕೆಂಡು ಕಾಯುತ್ತದೆ. ನಿಮ್ಮ ಫೈಲಿನಲ್ಲಿ 'ಲಾಗಿನ್' ಪದಕ್ಕೆ ಕಾಯಲು ಹೇಳಿದ್ದೀರಿ, ಆ ಕಡೆಯವರು ಆ ಪದವನ್ನು ಹೇಳುವುದೇ ಇಲ್ಲ. 1995ರ ಆಗಸ್ಟ್ 15ರಂದು ಆಗಿನ ಸರಕಾರಿ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದ ಆರಂಭದ ಕಾಲದಲ್ಲಿ ಅಕ್ಷರ ಮಾತ್ರ ಕಾಣುವ ಶೆಲ್ ಖಾತೆಗಳಿದ್ದವು. ಹೆಸರು ಕೇಳಿ, ಗುಟ್ಟುಪದ ಕೇಳಿ ಒಳಗೆ ಬಿಡುವ ಪದ್ಧತಿ. ಆ ಕಾಲದ ಟಿಪ್ಪಣಿಗಳನ್ನು ನಕಲು ಮಾಡಿದ ಚಾಟ್ ಫೈಲುಗಳು ಹತ್ತು ವರ್ಷ ಕೈಯಿಂದ ಕೈಗೆ ಓಡಾಡಿದವು. ಆ ಹೊತ್ತಿಗೆ ಹೆಚ್ಚಿನ ಕಡೆ ಪಿಪಿಪಿ ನೇರ ಶುರುವಾಗಿ, ಹೆಸರು ಗುಟ್ಟುಪದಗಳು ಅದರೊಳಗೇ ಪ್ಯಾಪ್ ಅಥವಾ ಚ್ಯಾಪ್ ಎಂಬ ಗುರುತು ಹೇಳುವ ರೀತಿಯಲ್ಲಿ ಹೋಗುತ್ತಿದ್ದವು.

ಯಾವುದೆಂದು ತಿಳಿಯಲು ಮಿನಿಕಾಮ್‌ನಿಂದ ಕೈಯಲ್ಲೇ ಡಯಲ್ ಮಾಡಿ ನೋಡುತ್ತಾ ಕುಳಿತುಕೊಳ್ಳಿ. ಹೆಸರು ಕೇಳಿದರೆ ಹಳೆಯ ಪದ್ಧತಿ. ಕಸದಂಥ ಗುರುತುಗಳು ಸುರಿದು ಅವುಗಳ ನಡುವೆ

~ }# !}!}!} }

ಎಂಬಂತೆ ಕಂಡರೆ ಅದು ಕಸವಲ್ಲ. ಪಿಪಿಪಿ ಚೌಕಟ್ಟು ಶುರುವಾಗುವುದು '~' ಗುರುತಿನಿಂದ; '}' ಎಂದರೆ ಮುಂದಿನ ಅಕ್ಷರವನ್ನು ವೇಷ ಮರೆಸಿ ಕಳಿಸಿದೆ ಎಂದರ್ಥ. ಆ ಕಡೆಯ ಯಂತ್ರ ಎಲ್‌ಸಿಪಿ (ಪಿಪಿಪಿ ಮಾತುಕತೆಯ ಮೊದಲ ಹಂತ) ಕೋರಿಕೆ ಕಳಿಸಿ ನಿಮ್ಮ ಉತ್ತರಕ್ಕೆ ಕಾಯುತ್ತಿದೆ. ಚಾಟ್ ಫೈಲನ್ನು 'ಕನೆಕ್ಟ್' ಪದಕ್ಕೇ ಮುಗಿಸಿ, ಉಳಿದ ಸಾಲುಗಳನ್ನು ಅಳಿಸಿ.

'ಸೀರಿಯಲ್ ಲೈನ್ ಈಸ್ ಲೂಪ್ಡ್ ಬ್ಯಾಕ್' ಎಂದು ಬಂದರೆ ಇದಕ್ಕೆ ವಿರುದ್ಧ: ನೀವು ಪಿಪಿಪಿ ಶುರು ಮಾಡಿದ್ದೀರಿ, ಆ ಕಡೆಯವರು ಇನ್ನೂ ಹೆಸರು ಕೇಳುತ್ತಾ ನೀವು ಕಳಿಸಿದ್ದನ್ನೆಲ್ಲ ಪ್ರತಿಧ್ವನಿಸುತ್ತಿದ್ದಾರೆ. ಅಥವಾ ಸಂಪರ್ಕ ಆಗಲೇ ಕಡಿದು ನಿಮ್ಮದೇ ಮೋಡೆಮ್ ಪ್ರತಿಧ್ವನಿಸುತ್ತಿದೆ.

ಎಲ್‌ಸಿಪಿ ಕೋರಿಕೆಗಳಿಗೆ ಉತ್ತರವಿಲ್ಲ ಎಂಬ ದೂರು ಬಂದರೆ ಲಾಗಿನಲ್ಲಿ 'ಸೆಂಟ್' ಮತ್ತು 'ಆರ್‌ಸಿವಿಡಿ' ಸಾಲುಗಳನ್ನು ಎಣಿಸಿ. ಬರೀ ಕಳಿಸಿದ್ದು ಮಾತ್ರ ಇದ್ದರೆ ಆ ಕಡೆ ಪಿಪಿಪಿ ಶುರುವಾಗಿಲ್ಲ. ಎರಡೂ ಇದ್ದು ಒಪ್ಪಂದವಾಗದಿದ್ದರೆ ಯಾವ ಆಯ್ಕೆಯನ್ನು ತಿರಸ್ಕರಿಸುತ್ತಿದ್ದಾರೆ ಎಂದು ಅದೇ ಸಾಲಿನಲ್ಲಿ ಬರೆದಿರುತ್ತದೆ.

ಗುಟ್ಟುಪದದಲ್ಲಿ ಸೋತರೆ, ಸಂಖ್ಯೆ 19, ಪ್ಯಾಪ್-ಸೀಕ್ರೆಟ್ಸ್ ಫೈಲ್ ನೋಡಿ. ಮೊದಲು ನಿಮ್ಮ ಹೆಸರು, ಆಮೇಲೆ ಆ ಕಡೆಯವರ ಹೆಸರು (ಗೊತ್ತಿಲ್ಲದಿದ್ದರೆ * ಸಾಕು), ಆಮೇಲೆ ಗುಟ್ಟುಪದ. ಗುಟ್ಟುಪದದಲ್ಲಿ # ಇದ್ದರೆ ಉದ್ಧರಣ ಚಿಹ್ನೆಯೊಳಗೆ ಇಡಿ. ಆ ಫೈಲಿನಲ್ಲಿರುವ ಹೆಸರೂ ಪಿಪಿಪಿಡಿಗೆ 'ಯೂಸರ್' ಎಂದು ಕೊಟ್ಟ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು.

ಆ ಕಡೆಯವರೇ ತಮ್ಮ ಗುರುತು ಹೇಳಬೇಕು ಎಂದು ಪಿಪಿಪಿಡಿ ಹಟ ಹಿಡಿಯುವುದೂ ಉಂಟು. ಕಂಪ್ಯೂಟರಿನಲ್ಲಿ ಮೊದಲೇ ಈಥರ್‌ನೆಟ್ ಮೂಲಕ ಡೀಫಾಲ್ಟ್ ರೂಟ್ (ಹೊರಗೆ ಹೋಗುವ ಮುಖ್ಯ ದಾರಿ) ಇದ್ದರೆ ಅದು ಹಾಗೆ ಮಾಡುತ್ತದೆ. 'ನೋಆಥ್' ಎಂದು ಬರೆದರೆ ಮುಗಿಯಿತು.

ಲಿನಕ್ಸಿನಂಥದ್ದೇ ಇನ್ನೊಂದು ವ್ಯವಸ್ಥೆಯಾದ ಫ್ರೀಬಿಎಸ್‌ಡಿಯವರಿಗೆ ಇಷ್ಟೆಲ್ಲ ಲಾಗ್ ಓದುವ ಕಷ್ಟವಿಲ್ಲ. ಅಲ್ಲಿನ ಪಿಪಿಪಿ ಕಾರ್ಯಕ್ರಮದ ಸೂಚನಾ ಸಾಲಿನಲ್ಲಿ ಮೂರು ಸಣ್ಣ ಪಿ ಅಕ್ಷರಗಳಿರುತ್ತವೆ. ಸಂಪರ್ಕ ಒಪ್ಪಂದವಾದರೆ ಮೊದಲನೆಯದು, ಗುಟ್ಟುಪದ ಒಪ್ಪಿಗೆಯಾದರೆ ಎರಡನೆಯದು, ಐಪಿ ವಿಳಾಸ ಸಿಕ್ಕಿದರೆ ಮೂರನೆಯದು ದೊಡ್ಡಕ್ಷರವಾಗುತ್ತದೆ. ನೀರು ಎಲ್ಲಿಯವರೆಗೆ ಬಂದಿದೆ ಎಂದು ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲ.

ಐಪಿ ಸಿಕ್ಕಿತು, ಪುಟ ತೆರೆಯದು

ಸಂಖ್ಯೆಯ ವಿಳಾಸಕ್ಕೆ ಪಿಂಗ್ ಮಾಡಿ. ಉತ್ತರ ಬಂದು ಹೆಸರಿಗೆ ಮಾತ್ರ ಬರದಿದ್ದರೆ ದೋಷ ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರು ಬಿಡಿಸುವ ವ್ಯವಸ್ಥೆಯಲ್ಲಿ; 'ಯೂಸ್‌ಪಿಯರ್‌ಡಿಎನ್‌ಎಸ್' ಆಯ್ಕೆ ಹಾಕಿ, ಅದು ಬರೆದ ವಿಳಾಸಗಳು ರಿಸಾಲ್ವ್‌ಕಾನ್ಫ್ ಫೈಲಿಗೆ ತಲುಪಿವೆಯೇ ನೋಡಿ. ಸಂಖ್ಯೆಗೂ ಉತ್ತರವಿಲ್ಲದಿದ್ದರೆ ದಾರಿ ತಪ್ಪಿದೆ: ಹಳೆಯ ಡೀಫಾಲ್ಟ್ ರೂಟ್ ಇರುವಾಗ ಪಿಪಿಪಿಡಿ ಅದನ್ನು ಬದಲಿಸುವುದಿಲ್ಲ, ಲಾಗಿನಲ್ಲಿ ಹಾಗೆಂದು ಹೇಳಿಯೂ ಇರುತ್ತದೆ. ಹಳೆಯದನ್ನು ತೆಗೆದು ಮತ್ತೆ ಡಯಲ್ ಮಾಡಿ.

ಸಣ್ಣ ಪುಟ ಬರುತ್ತದೆ, ದೊಡ್ಡದು ಅರ್ಧಕ್ಕೆ ನಿಲ್ಲುತ್ತದೆ ಎಂದಾದರೆ ಪ್ರೊಕ್ ಕೆಳಗಿನ ಟಿಟಿವೈ, ಡ್ರೈವರ್, ಸೀರಿಯಲ್ ಎಂಬ ಫೈಲಿನಲ್ಲಿ 'ಓಇ' ಎಂಬ ಲೆಕ್ಕ ನೋಡಿ. ಅದು ಏರುತ್ತಿದ್ದರೆ ಅಕ್ಷರಗಳು ಪೋರ್ಟಿನಲ್ಲೇ ಚೆಲ್ಲಿಹೋಗುತ್ತಿವೆ. ಹಳೆಯ 8250, 16450 ಚಿಪ್‌ಗಳಲ್ಲಿ ಒಂದೇ ಅಕ್ಷರಕ್ಕೆ ಜಾಗ. 16550ಎ ಚಿಪ್‌ನಲ್ಲಿ ಹದಿನಾರಕ್ಕೆ. ಚಿಪ್ ಹಳೆಯದಾದರೆ ಪೋರ್ಟಿನ ವೇಗವನ್ನು 38400ಕ್ಕೆ ಇಳಿಸಿ. 'ಸಿಆರ್‌ಟಿಎಸ್‌ಸಿಟಿಎಸ್' ಆಯ್ಕೆ ಇದೆಯೇ ಎಂದೂ ನೋಡಿ, ಅದಿಲ್ಲದೆ ನಿಲ್ಲು-ಹೋಗು ಹೇಳುವವರೇ ಇರುವುದಿಲ್ಲ.

ಡಾಂಗಲ್ ಇರುವವರಿಗೆ

ಮೊಬೈಲ್ ಡಾಂಗಲ್ (ಸಿಮ್ ಹಾಕಿ ಯುಎಸ್‌ಬಿಗೆ ಸಿಕ್ಕಿಸುವ ಕಡ್ಡಿ) ಕೂಡ ಮೋಡೆಮ್ ಆಗಿಯೇ ಕೂರುತ್ತದೆ, ಡಯಲ್ ಮಾಡುವ ಸಂಖ್ಯೆ *99# ಅಷ್ಟೇ. ಸಿಕ್ಕಿಸಿದಾಗ ಸಿಡಿ ಡ್ರೈವ್ ಎಂದು ತೋರಿಸಿದರೆ ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ಕಾರ್ಯಕ್ರಮ ಬೇಕು. 'ಎಟಿ+ಸಿಎಸ್‌ಕ್ಯೂ' ಕೊಟ್ಟರೆ ಸಿಗ್ನಲ್ 0ಯಿಂದ 31ರ ಅಳತೆಯಲ್ಲಿ ಬರುತ್ತದೆ. 99 ಎಂದರೆ ಅಳೆಯಲು ಆಗುತ್ತಿಲ್ಲ. ಹತ್ತಕ್ಕಿಂತ ಕೆಳಗಿದ್ದರೆ ಯುಎಸ್‌ಬಿ ಉದ್ದ ತಂತಿ ಹಾಕಿ ಡಾಂಗಲನ್ನು ಕಿಟಕಿಗೆ ಕಟ್ಟಿ, ಆಮೇಲೆ ಉಳಿದ ಮಾತು.

ಗಡಿಯಲ್ಲಿ ಇರುವವರಿಗೆ ಇನ್ನೊಂದು ಇದೆ. ಕೇರಳ ಒಂದು ಟೆಲಿಕಾಂ ವಲಯ, ಕರ್ನಾಟಕ ಇನ್ನೊಂದು. ಮಂಜೇಶ್ವರ, ವರ್ಕಾಡಿ, ತಲಪಾಡಿ ಕಡೆ ಗುಡ್ಡೆಯ ಮೇಲಿನ ಮನೆಗಳಲ್ಲಿ ಡಾಂಗಲ್ ಎರಡೂ ಬದಿಯ ಗೋಪುರಗಳನ್ನು ಕಾಣುತ್ತದೆ. ಮೋಡ ಸರಿದಂತೆ, ಗಾಳಿ ಬೀಸಿದಂತೆ ಅತ್ತ ಇತ್ತ ಹಾರುತ್ತದೆ, ಹಾರಿದಾಗಲೆಲ್ಲ 'ನೋ ಕ್ಯಾರಿಯರ್'. 'ಎಟಿ+ಸಿಆರ್‌ಇಜಿ?' ಎಂದು ಕೇಳಿ. ಎರಡನೆಯ ಅಂಕೆ 1 ಆಗಿದ್ದರೆ ಮನೆಯ ವಲಯ, 5 ಆಗಿದ್ದರೆ ನೀವು ಮನೆಯಲ್ಲೇ ಇದ್ದರೂ ಡಾಂಗಲ್ ಪರವೂರಿನಲ್ಲಿದೆ. ಹತ್ತು ನಿಮಿಷದಲ್ಲಿ ಮೂರು ಸಲ ಕೇಳಿ, 1 ಮತ್ತು 5 ಅದಲುಬದಲಾದರೆ 'ಎಟಿ+ಸಿಓಪಿಎಸ್=?' ಕೊಟ್ಟು ಸಿಗುವ ಜಾಲಗಳ ಪಟ್ಟಿ ತರಿಸಿ. ಪಟ್ಟಿ ಬರಲು ಒಂದು ನಿಮಿಷವಾದರೂ ಹಿಡಿಯುತ್ತದೆ, ಮೋಡೆಮ್ ಸತ್ತಿತೆಂದು ಎಳೆಯಬೇಡಿ. ಬಂದ ಮೇಲೆ ನಿಮ್ಮ ವಲಯದ ಸಂಖ್ಯೆಯನ್ನು ಅದೇ ಆಜ್ಞೆಯಲ್ಲಿ ಕೊಟ್ಟು ಅಲ್ಲಿಗೇ ಕಟ್ಟಿಹಾಕಿ.